ಬರ್ನ್‌ಔಟ್ ಅಳೆಯುವ 22 ಪ್ರಶ್ನೆಗಳು: ಅಳತೆಗೋಲನ್ನೇ ಅಳೆದು ನೋಡಿದಾಗ

ಕೆಲಸದ ಒತ್ತಡದಿಂದ ಮನಸ್ಸು ಬಳಲಿ ಬತ್ತಿಹೋಗುವ ಸ್ಥಿತಿಗೆ ಬರ್ನ್‌ಔಟ್ ಎನ್ನುತ್ತಾರೆ. ವೈದ್ಯರಲ್ಲಿ ಎಷ್ಟು ಮಂದಿ ಬರ್ನ್‌ಔಟ್‌ನಿಂದ ಬಳಲುತ್ತಿದ್ದಾರೆ? 2018ರಲ್ಲಿ ಅಮೆರಿಕದ ವೈದ್ಯಕೀಯ ನಿಯತಕಾಲಿಕ ‘ಜಾಮಾ’ದಲ್ಲಿ ಪ್ರಕಟವಾದ ಒಂದು ಪರಿಶೀಲನೆ ಈ ಪ್ರಶ್ನೆಗೆ ಉತ್ತರ ಹುಡುಕಿತು. 45 ದೇಶಗಳ 182 ಅಧ್ಯಯನಗಳು, ಒಟ್ಟು 1,09,628 ಜನರ ಉತ್ತರಗಳು. ಸಿಕ್ಕಿದ ಉತ್ತರ: ಶೇ. 0ಯಿಂದ ಶೇ. 80.5ರವರೆಗೆ. ಒಂದು ಅಧ್ಯಯನದ ಪ್ರಕಾರ ಒಬ್ಬರಿಗೂ ಇಲ್ಲ, ಇನ್ನೊಂದರ ಪ್ರಕಾರ ಐವರಲ್ಲಿ ನಾಲ್ವರಿಗೆ ಇದೆ.

ದೇಶ ಬೇರೆ, ಆಸ್ಪತ್ರೆ ಬೇರೆ, ಅದಕ್ಕೇ ಹೀಗೆ ಎಂದು ಸುಮ್ಮನಾಗುವಂತಿಲ್ಲ. ಏಕೆಂದರೆ ಈ ಅಧ್ಯಯನಗಳಲ್ಲಿ ಶೇ. 85.7ರಷ್ಟು ಬಳಸಿದ್ದು ಒಂದೇ ಪ್ರಶ್ನಾವಳಿಯ ಯಾವುದಾದರೊಂದು ರೂಪವನ್ನು. ಅದರ ಹೆಸರು ಮ್ಯಾಸ್ಲಾಕ್ ಬರ್ನ್‌ಔಟ್ ಇನ್ವೆಂಟರಿ, ಸಂಕ್ಷಿಪ್ತವಾಗಿ ಎಂಬಿಐ. ಅಳತೆಗೋಲು ಒಂದೇ ಆದರೂ ‘ಇಷ್ಟು ಅಂಕ ಬಂದರೆ ಬರ್ನ್‌ಔಟ್’ ಎಂದು ಗೆರೆ ಎಳೆಯುವ ವಿಧಾನಗಳು ಕನಿಷ್ಠ 142 ಇದ್ದವು.

ಗೊಂದಲ ಅಲ್ಲಿಗೇ ನಿಲ್ಲಲಿಲ್ಲ. 2019ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೇ ಆವೃತ್ತಿಗೆ ಒಪ್ಪಿಗೆ ಸಿಕ್ಕಾಗ ‘ಬರ್ನ್‌ಔಟ್ ಈಗ ಅಧಿಕೃತವಾಗಿ ಕಾಯಿಲೆ’ ಎಂಬ ಸುದ್ದಿ ಎಲ್ಲೆಡೆ ಹರಡಿತು. ಕೆಲವೇ ದಿನಗಳಲ್ಲಿ ಸಂಸ್ಥೆಯೇ ಸ್ಪಷ್ಟನೆ ಕೊಡಬೇಕಾಯಿತು: ಇದು ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ. 2023ರ ನವೆಂಬರ್‌ನಲ್ಲಿ ಮೆಕಿನ್ಸಿ ಹೆಲ್ತ್ ಇನ್‌ಸ್ಟಿಟ್ಯೂಟ್ 30 ದೇಶಗಳ ಉದ್ಯೋಗಿಗಳ ಸಮೀಕ್ಷೆ ಪ್ರಕಟಿಸಿದಾಗ ನಮ್ಮಲ್ಲಿ ತಲೆಬರಹವಾದದ್ದು ಭಾರತದ ಉದ್ಯೋಗಿಗಳಲ್ಲಿ ಶೇ. 59 ಮಂದಿಗೆ ಬರ್ನ್‌ಔಟ್‌ನ ಲಕ್ಷಣಗಳಿವೆ ಎಂಬುದು. ಇಂಥ ಸಂಖ್ಯೆ ಕಂಡಾಗ ಓದುಗರು ಕೇಳಬೇಕಾದ ಮೊದಲ ಪ್ರಶ್ನೆ, ಅದನ್ನು ಹುಟ್ಟಿಸಿದ ಪ್ರಶ್ನಾವಳಿಯನ್ನು ಯಾರು, ಹೇಗೆ ಪರೀಕ್ಷಿಸಿದ್ದಾರೆ ಎಂಬುದು. ನರ್ಸ್, ಸಮಾಜ ಕಾರ್ಯಕರ್ತೆ, ಆಪ್ತಸಮಾಲೋಚಕ, ಪೊಲೀಸ್, ಹೀಗೆ ದಿನವಿಡೀ ಜನರ ಕಷ್ಟದ ಜೊತೆಗೇ ಕೆಲಸ ಮಾಡುವವರಿಗಾಗಿ ರೂಪಿಸಿದ ಎಂಬಿಐನ ಮೂಲ ರೂಪವನ್ನು ಇಟ್ಟುಕೊಂಡು ಆ ಪರೀಕ್ಷೆ ಹೇಗೆ ನಡೆಯುತ್ತದೆಂದು ನೋಡೋಣ.

ಪ್ರಶ್ನೆಗಳು ಬಂದ ದಾರಿ

1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದ ಕಾರ್ಯಕರ್ತರು ಕ್ರಮೇಣ ಬಳಲಿ ಬತ್ತಿಹೋಗುವುದನ್ನು ವಿವರಿಸಲು ಬರ್ನ್‌ಔಟ್ ಎಂಬ ಪದ ಬಳಸಿದರು. ಹೆಚ್ಚೂಕಡಿಮೆ ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಕ್ರಿಸ್ಟಿನಾ ಮ್ಯಾಸ್ಲಾಕ್ ಇದೇ ಸಂಗತಿಯನ್ನು ಸಂದರ್ಶನಗಳ ಮೂಲಕ ಅಧ್ಯಯನ ಮಾಡುತ್ತಿದ್ದರು. ಅವರೂ ಸೂಸನ್ ಜಾಕ್ಸನ್ ಅವರೂ ಸೇರಿ 47 ಹೇಳಿಕೆಗಳ ಕರಡು ಸಿದ್ಧಪಡಿಸಿ ಆರೋಗ್ಯ ಮತ್ತು ಸೇವಾ ವೃತ್ತಿಗಳ 605 ಜನರಿಗೆ ಕೊಟ್ಟರು. ಉತ್ತರಗಳಲ್ಲಿ ಯಾವ ಹೇಳಿಕೆ ಯಾವುದರ ಜೊತೆ ಏರಿಳಿಯುತ್ತದೆಂದು ಲೆಕ್ಕ ಹಾಕಿ 25ಕ್ಕೆ ಇಳಿಸಿದರು. ಬೇರೆ 420 ಜನರ ಮೇಲೆ ಮತ್ತೊಮ್ಮೆ ಪರೀಕ್ಷಿಸಿದರು. 1981ರಲ್ಲಿ ಇದು ಪ್ರಕಟವಾಯಿತು. ಕೊನೆಗೆ ಬಳಕೆಯಲ್ಲಿ ಉಳಿದವು 22.

ಈ 22 ಹೇಳಿಕೆಗಳು ಮೂರು ಗುಂಪು. ಭಾವನಾತ್ಮಕ ಬಳಲಿಕೆಗೆ 9. ಎದುರಿಗಿರುವ ಮನುಷ್ಯ ಮನುಷ್ಯನಂತೆ ಕಾಣದೆ ಒಂದು ಕೇಸಿನಂತೆ, ವಸ್ತುವಿನಂತೆ ಕಾಣತೊಡಗುವ ಸ್ಥಿತಿಗೆ 5. ಇಲ್ಲಿ ಅದನ್ನು ಮನಸ್ಸು ಮರಗಟ್ಟುವುದು ಎಂದು ಕರೆಯುತ್ತೇವೆ. ಕೆಲಸದಲ್ಲಿ ಸಾರ್ಥಕ ಭಾವಕ್ಕೆ 8. ಪ್ರತಿಯೊಂದಕ್ಕೂ ಉತ್ತರ ‘ಎಷ್ಟು ಸಲ ಹೀಗನ್ನಿಸುತ್ತದೆ’ ಎಂಬುದು: ಎಂದೂ ಇಲ್ಲ ಎಂದರೆ 0, ಪ್ರತಿದಿನ ಎಂದರೆ 6. ಹಾಗಾಗಿ ಬಳಲಿಕೆಯ ಗರಿಷ್ಠ ಅಂಕ 54, ಮರಗಟ್ಟುವಿಕೆಯದು 30, ಸಾರ್ಥಕ ಭಾವದ್ದು 48. ಮೊದಲೆರಡರಲ್ಲಿ ಹೆಚ್ಚು, ಮೂರನೆಯದರಲ್ಲಿ ಕಡಿಮೆ ಬಂದರೆ ಬರ್ನ್‌ಔಟ್‌ನ ಚಿತ್ರ. ಮೂರನ್ನೂ ಕೂಡಿ ಒಂದೇ ಮೊತ್ತ ಮಾಡುವಂತಿಲ್ಲ. ಆದರೂ ಎಷ್ಟೋ ಪ್ರಬಂಧಗಳಲ್ಲಿ ಈ ತಪ್ಪು ನಡೆಯುತ್ತಲೇ ಇದೆ.

ತಕ್ಕಡಿಯ ಎರಡು ಗುಣ

ನಮ್ಮ ಬಿ.ಎಡ್. ಪಠ್ಯಗಳಲ್ಲಿ ಎರಡು ಪದಗಳಿವೆ: ವಿಶ್ವಸನೀಯತೆ ಮತ್ತು ಸಪ್ರಮಾಣತೆ. ಅದೇ ಅಕ್ಕಿಚೀಲವನ್ನು ಹತ್ತು ಸಲ ಇಟ್ಟರೂ ಒಂದೇ ತೂಕ ತೋರಿಸಿದರೆ ತಕ್ಕಡಿ ವಿಶ್ವಸನೀಯ. ಆದರೆ ಅದು ಪ್ರತಿ ಸಲವೂ ಅರ್ಧ ಕಿಲೋ ಹೆಚ್ಚು ತೋರಿಸುತ್ತಿದ್ದರೆ ಸಪ್ರಮಾಣವಲ್ಲ. ಇನ್ನೂ ಒಂದು ಮಾತಿದೆ. ಸೌದೆ ಡಿಪೋದ ತಕ್ಕಡಿ ಸೌದೆಗೆ ಸರಿಯಾಗಿಯೇ ಇದ್ದರೂ ಅದರಲ್ಲಿ ಚಿನ್ನ ತೂಗುವಂತಿಲ್ಲ. ಸಪ್ರಮಾಣತೆ ಎಂಬುದು ಪ್ರಶ್ನಾವಳಿಯ ಹಾಳೆಗೆ ಅಂಟಿಕೊಂಡ ಗುಣವಲ್ಲ. ಆ ಅಂಕವನ್ನು ಯಾವ ಜನರ ನಡುವೆ, ಯಾವ ತೀರ್ಮಾನಕ್ಕೆ ಬಳಸುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ‘ಈ ಪ್ರಶ್ನಾವಳಿ ಸಪ್ರಮಾಣ ಎಂದು ಆಗಲೇ ಸಾಬೀತಾಗಿದೆ’ ಎಂಬ ಒಂದು ಸಾಲು ಬರೆದು ಮುಂದಕ್ಕೆ ಹೋಗುವ ಅಧ್ಯಯನವನ್ನು ನಂಬುವುದು ಕಷ್ಟವಾಗುವುದು ಇದೇ ಕಾರಣಕ್ಕೆ.

ಮೂಲ ಪ್ರಶ್ನಾವಳಿಯ ವಿಶ್ವಸನೀಯತೆ ಮೂರೂ ಗುಂಪಿನಲ್ಲಿ ಒಂದೇ ಸಮನಾಗಿಲ್ಲ. ಒಂದು ಗುಂಪಿನ ಹೇಳಿಕೆಗಳು ತಮ್ಮತಮ್ಮೊಳಗೆ ಎಷ್ಟು ಒಗ್ಗಟ್ಟಾಗಿವೆ ಎಂದು ತೋರಿಸುವ ಆಲ್ಫಾ ಎಂಬ ಅಂಕ (1ಕ್ಕೆ ಹತ್ತಿರವಿದ್ದಷ್ಟೂ ಗಟ್ಟಿ) ಬಳಲಿಕೆಗೆ 0.90, ಮರಗಟ್ಟುವಿಕೆಗೆ 0.79, ಸಾರ್ಥಕ ಭಾವಕ್ಕೆ 0.71. ಎರಡರಿಂದ ನಾಲ್ಕು ವಾರ ಬಿಟ್ಟು ಅದೇ ಜನರಿಗೆ ಮತ್ತೆ ಕೊಟ್ಟಾಗ ಎರಡು ಸಲದ ಅಂಕಗಳ ನಡುವಿನ ಹೊಂದಾಣಿಕೆ ಕ್ರಮವಾಗಿ 0.82, 0.60, 0.80. ಮರಗಟ್ಟುವಿಕೆಯ 0.60 ದುರ್ಬಲ. ಅದಕ್ಕೆ ಕಾರಣ ಊಹಿಸಬಹುದು: ಹೇಳಿಕೆಗಳು ಐದೇ. ಮೇಲಾಗಿ ‘ರೋಗಿಗಳ ಬಗ್ಗೆ ನನಗೆ ಕಾಳಜಿ ಉಳಿದಿಲ್ಲ’ ಎಂದು ಒಪ್ಪಿಕೊಳ್ಳುವುದು ಯಾವ ನರ್ಸಿಗೂ ಸುಲಭವಲ್ಲ.

ಹೆಂಡತಿಯರ ಸಾಕ್ಷಿ

ತಾನು ಬಳಲಿದ್ದೇನೆಂದು ಒಬ್ಬ ಹೇಳಿದರೆ ಅದಕ್ಕೆ ಹೊರಗಿನ ಸಾಕ್ಷಿ ಬೇಕು. ಮ್ಯಾಸ್ಲಾಕ್ ಮತ್ತು ಜಾಕ್ಸನ್ 142 ಪೊಲೀಸ್ ದಂಪತಿಗಳನ್ನು ಅಧ್ಯಯನ ಮಾಡಿದರು. ಗಂಡಂದಿರು ಪ್ರಶ್ನಾವಳಿ ತುಂಬಿದರು, ಹೆಂಡತಿಯರು ಗಂಡ ಮನೆಗೆ ಬಂದಾಗ ಹೇಗಿರುತ್ತಾನೆಂದು ಬೇರೆಯಾಗಿ ಬರೆದರು. ಬಳಲಿಕೆಯ ಅಂಕ ಹೆಚ್ಚಿದ್ದವರನ್ನು ಹೆಂಡತಿಯರೂ ಸಿಡುಕಿಕೊಂಡು, ಬಿಗಿದುಕೊಂಡು ಮನೆಗೆ ಬರುವವರೆಂದೇ ವಿವರಿಸಿದ್ದರು. ಒಬ್ಬರು ತುಂಬಿದ ಹಾಳೆಯನ್ನು ಅದರ ಬಗ್ಗೆ ಗೊತ್ತೇ ಇಲ್ಲದ ಇನ್ನೊಬ್ಬರ ಕಣ್ಣು ದೃಢಪಡಿಸಿತು. ಹೊಂದಾಣಿಕೆಯ ಸಪ್ರಮಾಣತೆ ಎಂದರೆ ಇದು.

ಇದರ ಮಗ್ಗುಲಲ್ಲೇ ಇನ್ನೊಂದು ಪರೀಕ್ಷೆಯೂ ಬೇಕು: ಬೇರೆ ಹೆಸರಿನಲ್ಲಿ ಹಳೆಯದನ್ನೇ ಅಳೆಯುತ್ತಿಲ್ಲ ತಾನೆ? ಕೆಲಸದ ಬಗೆಗಿನ ಅತೃಪ್ತಿಗೂ ಬಳಲಿಕೆಗೂ ಇದ್ದ ಸಂಬಂಧ 0.23 ಮಾತ್ರ. ಅದರ ವರ್ಗ ಮಾಡಿದರೆ ಎರಡರ ನಡುವೆ ಹಂಚಿಕೆಯಾಗಿರುವುದು ಶೇ. 6ಕ್ಕಿಂತ ಕಡಿಮೆ. ಒಳ್ಳೆಯವರೆನಿಸಿಕೊಳ್ಳುವ ಆಸೆಯನ್ನು ಅಳೆಯುವ ಪ್ರತ್ಯೇಕ ಪ್ರಶ್ನಾವಳಿಯ ಜೊತೆಗೂ ಗಮನಾರ್ಹ ಸಂಬಂಧ ಕಾಣಲಿಲ್ಲ. ಅಷ್ಟರ ಮಟ್ಟಿಗೆ ಅಡಿಪಾಯ ಗಟ್ಟಿಯೇ. ಖಿನ್ನತೆಯ ವಿಚಾರದಲ್ಲಿ ಮಾತ್ರ ಈ ಉತ್ತರ ಸಾಲದು. ಅದನ್ನು ಮುಂದೆ ನೋಡೋಣ.

ಸಾಲು ತಪ್ಪುವ ಮೂರು ಹೇಳಿಕೆಗಳು

ಹೇಳಿಕೆಗಳು ನಿಜಕ್ಕೂ ಮೂರು ಗುಂಪಾಗಿ ಕೂರುತ್ತವೆಯೇ ಎಂದು ನೋಡುವ ಲೆಕ್ಕಕ್ಕೆ ಫ್ಯಾಕ್ಟರ್ ಅನಾಲಿಸಿಸ್ ಎನ್ನುತ್ತಾರೆ. 2008ರಲ್ಲಿ ಇಂಥ 45 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಮೂರು ಗುಂಪುಗಳ ರಚನೆಯನ್ನು ಒಟ್ಟಾರೆಯಾಗಿ ಸಮರ್ಥಿಸಿತು. ಆದರೆ ಕೆಲವು ಹೇಳಿಕೆಗಳು ದೇಶ ದೇಶದಲ್ಲೂ ತೊಂದರೆ ಕೊಡುತ್ತವೆ.

12ನೆಯದು ಮೈಯಲ್ಲಿ ಚೈತನ್ಯ ತುಂಬಿದೆ ಎಂಬರ್ಥದ್ದು. ಅದನ್ನು ಸಾರ್ಥಕ ಭಾವದ ಗುಂಪಿಗೆ ಸೇರಿಸಿದ್ದಾರೆ. ಆದರೆ ಬಳಲಿದವನಿಗೆ ಚೈತನ್ಯ ಎಲ್ಲಿಂದ ಬರಬೇಕು? ಹಾಗಾಗಿ ಅದು ಬಳಲಿಕೆಯ ಗುಂಪಿನ ಕಡೆಗೆ, ಉಲ್ಟಾ ದಿಕ್ಕಿನಲ್ಲಿ ಎಳೆಯುತ್ತದೆ. 16ನೆಯದು ಜನರೊಂದಿಗೆ ನೇರ ಕೆಲಸ ಒತ್ತಡ ತರುತ್ತದೆ ಎಂಬುದು. ಬಳಲಿಕೆಯ ಗುಂಪಿನಲ್ಲಿದ್ದರೂ ಮರಗಟ್ಟುವಿಕೆಯ ಕಡೆಗೂ ವಾಲುತ್ತದೆ. ದೃಢೀಕರಿಸುವ ವಿಶ್ಲೇಷಣೆ ಮಾಡುವಾಗ ಈ ಎರಡನ್ನು ಬಿಡಬಹುದೆಂದು ಪ್ರಶ್ನಾವಳಿಯ ಕೈಪಿಡಿಯೇ ಸಲಹೆ ಕೊಟ್ಟಿದೆ. 22ನೆಯದು, ಜನ ತಮ್ಮ ತೊಂದರೆಗಳಿಗೆ ನನ್ನನ್ನೇ ದೂರುತ್ತಾರೆ ಎಂಬುದು. ಅದು ತನ್ನ ಗುಂಪಿಗೆ ಸಡಿಲವಾಗಿ ಅಂಟಿಕೊಳ್ಳುತ್ತದೆ. ಕಾರಣ ಕಣ್ಣೆದುರೇ ಇದೆ. ಔಷಧಿ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜನ ಬಯ್ಯುವುದು ಬಾಗಿಲಲ್ಲಿ ಕೂತ ನರ್ಸನ್ನು. ಆಕೆ ‘ಪ್ರತಿದಿನ’ ಎಂದು ಗುರುತು ಹಾಕಿದರೆ ಹೇಳಿದ್ದು ತನ್ನ ಮನಸ್ಸಿನ ಬಗ್ಗೆ ಅಲ್ಲ, ಔಷಧಿ ಕಪಾಟಿನ ಬಗ್ಗೆ.

ಮೂರರಲ್ಲಿ ಒಬ್ಬರು ಎಂಬ ಅಂಕಿಯ ಮೂಲ

ತಲೆಬರಹಗಳ ಶೇಕಡಾವಾರು ಹುಟ್ಟುವುದು ಇಲ್ಲಿ. 1996ರ ಕೈಪಿಡಿಯ ಮೂರನೇ ಆವೃತ್ತಿಯಲ್ಲಿ ‘ಹೆಚ್ಚು’, ‘ಮಧ್ಯಮ’, ‘ಕಡಿಮೆ’ ಎಂಬ ಗಡಿಗಳಿದ್ದವು. ಬಳಲಿಕೆಯಲ್ಲಿ 27 ಅಥವಾ ಮೇಲಿದ್ದರೆ ಹೆಚ್ಚು. ಮರಗಟ್ಟುವಿಕೆಯಲ್ಲಿ ಸಾಮಾನ್ಯ ಗಡಿ 13, ವೈದ್ಯಕೀಯ ಕ್ಷೇತ್ರದವರಿಗೆ 10. ಸಾರ್ಥಕ ಭಾವದಲ್ಲಿ 31 ಅಥವಾ ಕೆಳಗಿದ್ದರೆ ಕಡಿಮೆ.

ಈ ಗಡಿಗಳನ್ನು ನಿಗದಿ ಮಾಡಿದ್ದು ಹೇಗೆ? ಯಾರಿಗೆ ಚಿಕಿತ್ಸೆ ಬೇಕಾಯಿತು, ಯಾರು ಕೆಲಸ ಬಿಟ್ಟರು ಎಂದು ನೋಡಿಯಲ್ಲ. ಮಾದರಿ ಗುಂಪಿನ 11,067 ಜನರ ಅಂಕಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ಮೂರು ಸಮ ಭಾಗ ಮಾಡಿದರು, ಮೇಲಿನ ಭಾಗಕ್ಕೆ ‘ಹೆಚ್ಚು’ ಎಂದು ಹೆಸರಿಟ್ಟರು, ಅಷ್ಟೆ. ಅಂದರೆ ಆ ಗುಂಪಿನಲ್ಲಿ ಮೂರರಲ್ಲಿ ಒಬ್ಬರು ‘ಹೆಚ್ಚು’ ಆಗಲೇಬೇಕು. ಎಲ್ಲರೂ ಆರಾಮವಾಗಿದ್ದರೂ ಅಷ್ಟೇ, ಎಲ್ಲರೂ ಕುಸಿದಿದ್ದರೂ ಅಷ್ಟೇ. ತರಗತಿಯ ಎತ್ತರದ ಮೂರನೇ ಒಂದು ಭಾಗ ಮಕ್ಕಳಿಗೆ ‘ಉದ್ದನೆಯವರು’ ಎಂದು ಚೀಟಿ ಅಂಟಿಸಿದ ಹಾಗೆ. ಆಮೇಲೆ ಅದೇ ಅಳತೆ ಹಿಡಿದು ಬೇರೆ ದೇಶದ ತರಗತಿಗೆ ಹೋಗಿ ‘ಇಲ್ಲಿ ಶೇ. 60 ಮಕ್ಕಳು ಉದ್ದ’ ಎಂದು ವರದಿ ಬರೆದರೆ ಅದು ಹೋಲಿಕೆಯ ಮಾತಾದೀತೇ ಹೊರತು ರೋಗನಿರ್ಣಯವಾಗದು.

ಇದರ ಮೇಲೆ ಗಡಿಗಳನ್ನು ಜೋಡಿಸುವ ಆಟ. ಮೂರೂ ಗುಂಪಿನಲ್ಲಿ ತಲಾ ಮೂರನೇ ಒಂದು ಭಾಗ ಜನ ಗಡಿ ದಾಟಿದ್ದಾರೆ, ಗುಂಪುಗಳ ನಡುವೆ ಸಂಬಂಧವೇ ಇಲ್ಲ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 1,000 ಜನರಲ್ಲಿ ಮೂರೂ ಗಡಿ ದಾಟಿದವರು ಬೇಕೆಂದರೆ 37 ಮಂದಿ. ಬಳಲಿಕೆಯ ಗಡಿಯೊಂದೇ ಸಾಕೆಂದರೆ 333. ಮೂರರಲ್ಲಿ ಯಾವುದಾದರೂ ಒಂದು ಸಾಕೆಂದರೆ 704. ನಿಜದಲ್ಲಿ ಗುಂಪುಗಳು ಪರಸ್ಪರ ತಳುಕು ಹಾಕಿಕೊಂಡಿರುವುದರಿಂದ ಅಂತರ ಇಷ್ಟು ದೊಡ್ಡದಾಗದು. ಆದರೂ ಅದೇ ಜನ, ಅದೇ ಉತ್ತರ, ತಲೆಬರಹ ಮಾತ್ರ ಬೇರೆ. ಶೇ. 0ಗೂ 80.5ಕ್ಕೂ ನಡುವಿನ ಕಂದಕದಲ್ಲಿ ಒಂದು ದೊಡ್ಡ ಪಾಲು ಹೀಗೆ ತೋಡಿದ್ದು.

ಪ್ರಶ್ನಾವಳಿಯ ಕರ್ತೃಗಳೇ 2016ರ ನಾಲ್ಕನೇ ಆವೃತ್ತಿಯಲ್ಲಿ ಈ ಗಡಿಗಳನ್ನು ಕೈಬಿಟ್ಟರು, ಅವಕ್ಕೆ ರೋಗನಿರ್ಣಯದ ಸಪ್ರಮಾಣತೆ ಇಲ್ಲವೆಂದು. ಬದಲಿಗೆ ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಐದು ಬಗೆಯ ಚಿತ್ರಗಳನ್ನು ಮುಂದಿಟ್ಟರು: ಒಂದು ತುದಿಯಲ್ಲಿ ಮೂರೂ ಕೆಟ್ಟ ಬರ್ನ್‌ಔಟ್, ಇನ್ನೊಂದು ತುದಿಯಲ್ಲಿ ಮೂರೂ ಚೆನ್ನಾಗಿರುವ ತೊಡಗಿಸಿಕೊಂಡವರು, ನಡುವೆ ಬಳಲಿಕೆಯೊಂದೇ ಇರುವವರು, ಮನಸ್ಸು ಮರಗಟ್ಟಿರುವವರು, ಸಾರ್ಥಕ ಭಾವವೊಂದೇ ಕುಂದಿದವರು. ಇದು ಉಪಯುಕ್ತ. ಬಳಲಿಕೆ ಮಾತ್ರ ಇರುವ ವಾರ್ಡಿಗೆ ಇನ್ನಷ್ಟು ಸಿಬ್ಬಂದಿ ಬೇಕು. ಸಾರ್ಥಕ ಭಾವ ಕುಂದಿದ ಕಡೆ ಬೇಕಾಗಿರುವುದು ಬೇರೇನೋ. ಹಳೆಯ ಗಡಿಗಳಿಗೆ ಮಾತ್ರ ಇನ್ನೂ ಸಾವಿಲ್ಲ, ಇಂದಿಗೂ ಪ್ರಬಂಧಗಳಲ್ಲಿ 27 ಎಂಬ ಸಂಖ್ಯೆ ರಾಜಾರೋಷವಾಗಿ ಓಡಾಡುತ್ತಿದೆ.

ಒಬ್ಬರ ಅಂಕದ ಸಡಿಲ

ಗುಂಪಿನ ಸರಾಸರಿ ಬೇರೆ, ಒಬ್ಬರ ಅಂಕ ಬೇರೆ. ಮಾದರಿ ಗುಂಪಿನಲ್ಲಿ ಬಳಲಿಕೆಯ ಸರಾಸರಿ 20.99, ಹರವನ್ನು ತೋರಿಸುವ ಪ್ರಮಾಣ ವಿಚಲನೆ 10.75. ವಿಶ್ವಸನೀಯತೆ 0.90. ಅಳತೆಯ ದೋಷ ತಿಳಿಯಲು 1ರಿಂದ 0.90 ಕಳೆದು, ಉಳಿದ 0.10ರ ವರ್ಗಮೂಲವನ್ನು 10.75ರಿಂದ ಗುಣಿಸಬೇಕು. ಸುಮಾರು 3.4 ಬರುತ್ತದೆ. ಶೇ. 95ರ ಭರವಸೆ ಬೇಕೆಂದರೆ ಅದರ ಎರಡರಷ್ಟು, ಅಂದರೆ ಹತ್ತಿರ ಹತ್ತಿರ 6.7 ಅಂಕ ಆ ಕಡೆ ಈ ಕಡೆ ಬಿಡಬೇಕು. 27 ಅಂಕ ಪಡೆದ ನರ್ಸಿನ ನಿಜವಾದ ಮಟ್ಟ 20ರಿಂದ 34ರ ನಡುವೆ ಎಲ್ಲಾದರೂ ಇರಬಹುದು. ಆಕೆ ‘ಹೆಚ್ಚು’, 26 ಪಡೆದ ಪಕ್ಕದ ನರ್ಸ್ ‘ಮಧ್ಯಮ’ ಎಂದು ವಿಂಗಡಿಸುವುದಕ್ಕೆ ಆಧಾರವೇ ಇಲ್ಲ. ಇದು ಮೂರರಲ್ಲಿ ಅತ್ಯಂತ ಗಟ್ಟಿಯಾದ ಗುಂಪಿನ ಕಥೆ.

ಕನ್ನಡಕ್ಕೆ ತರುವಾಗ

ಕರ್ನಾಟಕದ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರ ಮೇಲೆ ಇಂಥ ಪ್ರಶ್ನಾವಳಿ ಬಳಸಬೇಕೆಂದರೆ ಅನುವಾದ ಬೇಕು. ಎಂಬಿಐ ಹಕ್ಕುಸ್ವಾಮ್ಯದಲ್ಲಿರುವುದರಿಂದ ಅನುವಾದಕ್ಕೂ ಪ್ರತಿಗಳಿಗೂ ಅನುಮತಿ ಮತ್ತು ಶುಲ್ಕ ಬೇಕು. ಅದು ಸಣ್ಣ ತೊಡಕು. ದೊಡ್ಡದು ಮಾತಿನದು.

ಮೂಲದಲ್ಲಿ ಒಂದು ಹೇಳಿಕೆ ‘ಹಗ್ಗದ ತುದಿಗೆ ಬಂದಿದ್ದೇನೆ’ ಎಂಬ ಇಂಗ್ಲಿಷ್ ನುಡಿಗಟ್ಟಿನಲ್ಲಿದೆ. ಅಲ್ಲಿ ಅದರ ಅರ್ಥ, ಇನ್ನು ತಾಳಿಕೊಳ್ಳುವ ಶಕ್ತಿ ಉಳಿದಿಲ್ಲ ಎಂದು. ಕನ್ನಡದಲ್ಲಿ ಹಗ್ಗ ಎಂದು ಬರೆದರೆ ಓದುವವರ ಕಣ್ಣಿಗೆ ನೇಣು ಕಾಣುತ್ತದೆ. ಬಳಲಿಕೆಯ ಪ್ರಶ್ನೆ ಆತ್ಮಹತ್ಯೆಯ ಪ್ರಶ್ನೆಯಾಗುತ್ತದೆ. ‘ಇನ್ನು ನನ್ನ ಕೈಲಾಗುವುದಿಲ್ಲ ಅನ್ನಿಸುತ್ತದೆ’ ಎಂದರೆ ಸರಿಯಾದೀತು.

ಇನ್ನೊಂದು, ಈ ಕೆಲಸ ನನ್ನನ್ನು ಭಾವನೆಯಲ್ಲಿ ಗಡುಸಾಗಿಸುತ್ತಿದೆ ಎಂಬ ಚಿಂತೆ. ‘ನನ್ನ ಮನಸ್ಸು ಗಟ್ಟಿಯಾಗಿದೆ’ ಎಂದು ತಂದರೆ ಅರ್ಥ ತಲೆಕೆಳಗು. ನಮ್ಮಲ್ಲಿ ಗಟ್ಟಿ ಮನಸ್ಸು ಹೊಗಳಿಕೆ. ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್ ಹೆಮ್ಮೆಯಿಂದ ‘ಪ್ರತಿದಿನ’ ಎಂದು ಗುರುತು ಹಾಕಿಯಾಳು, ಆಕೆಗೆ ಮರಗಟ್ಟುವಿಕೆಯಲ್ಲಿ 6 ಅಂಕ ಬಿದ್ದೀತು. ‘ಕಲ್ಲಾಗಿದೆ’ ಎಂದರೆ ದಿಕ್ಕು ಸರಿಯಾಗುತ್ತದೆ. ಶಬ್ದಕೋಶ ನೋಡಿ ‘ನಿರ್ಲಿಪ್ತತೆ’ ಎಂದು ಬರೆಯುವವರೂ ಇದ್ದಾರೆ. ಅದಂತೂ ನಮ್ಮ ಪರಂಪರೆ ಸಾಧಕರಿಗೆ ಕೊಟ್ಟ ಪದ.

ಬಳಲಿಕೆಗೂ ಇದೇ ಪಾಡು. ‘ಭಾವನಾತ್ಮಕವಾಗಿ ಬರಿದಾಗಿದ್ದೇನೆ’ ಪುಸ್ತಕದ ಮಾತು. ‘ಸುಸ್ತಾಗಿದೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ತಿಳಿಯುವುದು ಮೈಯ ಸುಸ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಆಗ ಪ್ರಶ್ನಾವಳಿ ಅಳೆಯುವುದು ಕೆಲಸವನ್ನೋ, ಹಿಮೋಗ್ಲೋಬಿನ್ನನ್ನೋ? ‘ಕೆಲಸದಿಂದ ಜೀವ ಹಣ್ಣಾಗಿದೆ’ ಎಂಬುದು ಮನಸ್ಸಿಗೆ ಹೆಚ್ಚು ಹತ್ತಿರ. ಉತ್ತರ ಕರ್ನಾಟಕದಲ್ಲಿ ‘ಹೈರಾಣಾಗೇನಿ’ ಎಂಬ ಮಾತು ಇನ್ನೂ ಚುರುಕಾಗಿ ಮುಟ್ಟುತ್ತದೆ. ‘ಬೇಸರ’ ಎಂಬ ಪದವಂತೂ ಒಂದು ಕಡೆ ಮಂಕು, ಇನ್ನೊಂದು ಕಡೆ ದುಃಖ, ಮತ್ತೊಂದು ಕಡೆ ಜಿಗುಪ್ಸೆ. ಅದನ್ನು ದೂರ ಇಡುವುದೇ ಲೇಸು.

ಎಲ್ಲಕ್ಕಿಂತ ಕಣ್ಣಿಗೆ ಬೀಳದ ತೊಂದರೆ ಉತ್ತರಕ್ಕೆ ಗುರುತು ಹಾಕುವ ಚೌಕಗಳಲ್ಲಿ, ಅಂದರೆ ಮನೆಗಳಲ್ಲಿದೆ. ‘ಕೆಲವು ರೋಗಿಗಳಿಗೆ ಏನಾದರೂ ನನಗೆ ಚಿಂತೆಯಿಲ್ಲ’ ಎಂಬರ್ಥದ ಹೇಳಿಕೆಗೆ ‘ಎಂದೂ ಇಲ್ಲ’ ಎಂಬ ಉತ್ತರ. ಕನ್ನಡದಲ್ಲಿ ಎರಡು ‘ಇಲ್ಲ’ಗಳು ಎದುರುಬದುರಾದಾಗ ಎಷ್ಟೋ ಜನ ‘ಹೌದು, ಚಿಂತೆ ಎಂದೂ ಇಲ್ಲ’ ಎಂದು ಓದುತ್ತಾರೆ. 0 ಹಾಕಬೇಕಾದವರು 6 ಹಾಕುತ್ತಾರೆ, 6 ಹಾಕಬೇಕಾದವರು 0. ಒಟ್ಟು ಅಂಕದಲ್ಲಿ ಇದು ಗೊತ್ತೇ ಆಗುವುದಿಲ್ಲ, ಆಲ್ಫಾ ಕುಸಿದಾಗ ಮಾತ್ರ ಅನುಮಾನ ಹುಟ್ಟುತ್ತದೆ. ಪರಿಹಾರ ಸರಳ: ‘ಹೀಗೆ ಒಮ್ಮೆಯೂ ಅನ್ನಿಸಿಲ್ಲ’ ಎಂದು ಮನೆಯ ಹೆಸರು ಬದಲಿಸುವುದು.

ಮೂಲದ ‘ಸೇವೆ ಪಡೆಯುವವರು’ ಎಂಬ ಪದಕ್ಕೆ ಸರ್ಕಾರಿ ಕನ್ನಡದಲ್ಲಿ ಫಲಾನುಭವಿ ಎಂಬ ಸಿದ್ಧ ಪದವಿದೆ. ನರ್ಸಿಗೆ ಅದು ಯಾರೆಂದೇ ಹೊಳೆಯದು. ಆಕೆಗೆ ರೋಗಿಗಳು, ಆಶಾಗೆ ಗರ್ಭಿಣಿ, ಬಾಣಂತಿ ಮತ್ತು ಮನೆಯವರು, ಅಂಗನವಾಡಿಯಲ್ಲಿ ಮಕ್ಕಳು ಮತ್ತು ತಾಯಂದಿರು. ವೃತ್ತಿಗೆ ತಕ್ಕ ಪದ ಹಾಕಬೇಕು.

ಪರೀಕ್ಷೆ ನಡೆಸುವ ಕ್ರಮ

ಇಬ್ಬರು ಪ್ರತ್ಯೇಕವಾಗಿ ಕನ್ನಡಕ್ಕೆ ತರುತ್ತಾರೆ. ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೇ ಒಳ್ಳೆಯದು. ಎರಡನ್ನೂ ಕೂಡಿಸಿದ ಕರಡನ್ನು ಮೂಲ ನೋಡದ ಇನ್ನಿಬ್ಬರು ಇಂಗ್ಲಿಷಿಗೆ ಹಿಂತಿರುಗಿಸುತ್ತಾರೆ. ಹಿಂತಿರುಗಿದ್ದು ಮೂಲಕ್ಕೆ ಹೊಂದಿತೆಂದು ಅಲ್ಲಿಗೇ ನಿಲ್ಲಿಸುವುದು ಸಾಮಾನ್ಯ ತಪ್ಪು. ‘ಹಗ್ಗದ ತುದಿ’ ಹಿಂದಕ್ಕೆ ಹೋದಾಗ ಅಚ್ಚುಕಟ್ಟಾಗಿ ಮೂಲಕ್ಕೇ ಹೊಂದುತ್ತದೆ! ಅದಕ್ಕೇ ಮುಂದಿನ ಹೆಜ್ಜೆ ಬೇಕು: ಆ ವೃತ್ತಿಯ ಹತ್ತು ಹದಿನೈದು ಜನರ ಎದುರು ಕೂತು, ‘ಈ ಸಾಲು ಓದಿದಾಗ ನಿಮಗೇನು ಅರ್ಥವಾಯಿತು? ಯಾಕೆ ಈ ಮನೆಗೆ ಗುರುತು ಹಾಕಿದಿರಿ?’ ಎಂದು ಕೇಳುವುದು. ಕಲಬುರಗಿಯಲ್ಲೂ ಕೇಳಬೇಕು, ಪುತ್ತೂರಿನಲ್ಲೂ ಕೇಳಬೇಕು.

ಆಮೇಲೆ ಸಂಖ್ಯೆಗಳ ಕೆಲಸ. 22 ಹೇಳಿಕೆಗಳಿಗೆ ಹೇಳಿಕೆಯೊಂದಕ್ಕೆ ಹತ್ತು ಜನರಂತೆ ಲೆಕ್ಕ ಹಾಕಿದರೂ 220 ಜನ ಬೇಕು. 300 ಇದ್ದರೆ ನೆಮ್ಮದಿ. ಮೂರು ಗುಂಪಿನ ರಚನೆ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆಂದು ನೋಡುವಾಗ ಹೊಂದಾಣಿಕೆಯ ಸೂಚಿಯಾದ ಸಿಎಫ್‌ಐ 0.95ರ ಹತ್ತಿರ ಅಥವಾ ಮೇಲೆ, ಹೊಂದದಿರುವಿಕೆಯ ಸೂಚಿಯಾದ ಆರ್‌ಎಂಎಸ್‌ಇಎ 0.06ರ ಹತ್ತಿರ ಅಥವಾ ಕೆಳಗೆ ಇರಬೇಕೆಂಬುದು ರೂಢಿಯ ಅಳತೆ. ಹೊಂದದಿದ್ದರೆ ಹೇಳಿಕೆಗಳನ್ನು ಮನಬಂದಂತೆ ಕಿತ್ತುಹಾಕಿ ಅಂಕ ಸರಿಮಾಡಿಕೊಳ್ಳುವ ಚಾಳಿ ಇದೆ. ಹಾಗೆ ಮಾಡಿದರೆ ಹೊಸ ಜನರ ಮೇಲೆ ಮತ್ತೆ ಪರೀಕ್ಷಿಸಲೇಬೇಕು. ಇಲ್ಲವಾದರೆ ಆ ಹೊಂದಾಣಿಕೆ ಆ 300 ಜನರ ಆಚೆಗೆ ನಿಲ್ಲದು.

ಎರಡು ಗುಂಪುಗಳನ್ನು, ಉದಾಹರಣೆಗೆ ಜಿಲ್ಲಾಸ್ಪತ್ರೆಯ ನರ್ಸ್‌ಗಳನ್ನೂ ಆಶಾಗಳನ್ನೂ ಹೋಲಿಸುವ ಮುಂಚೆ ಎರಡೂ ಕಡೆ ಅಳತೆ ಒಂದೇ ರೀತಿ ಕೆಲಸ ಮಾಡುತ್ತದೆಂದು ತೋರಿಸಬೇಕು. ಒಂದೇ ಮಟ್ಟದ ಬಳಲಿಕೆ ಇರುವ ಇಬ್ಬರು ಒಂದು ಹೇಳಿಕೆಗೆ ಬೇರೆ ಬೇರೆ ಅಂಕ ಕೊಡುತ್ತಿದ್ದರೆ ಸರಾಸರಿಗಳ ವ್ಯತ್ಯಾಸಕ್ಕೆ ಅರ್ಥವಿಲ್ಲ. ಈ ಹೆಜ್ಜೆಯನ್ನು ಬಿಟ್ಟು ಹೋಲಿಕೆಗೆ ಇಳಿಯುವ ವರದಿಗಳೇ ಹೆಚ್ಚು.

ಕೊನೆಯದು ಹೊರಗಿನ ಸಾಕ್ಷಿ: ತಿಂಗಳಿಗೆ ಎಷ್ಟು ರಾತ್ರಿ ಪಾಳಿ, ಮುಂದಿನ ಒಂದು ವರ್ಷದಲ್ಲಿ ಎಷ್ಟು ದಿನ ಅನಾರೋಗ್ಯದ ರಜೆ, ಎಷ್ಟು ಮಂದಿ ಕೆಲಸ ಬಿಟ್ಟರು. ಜೊತೆಗೆ ಖಿನ್ನತೆಯ ಪ್ರಶ್ನಾವಳಿ ಪಿಎಚ್‌ಕ್ಯೂ-9 ಕೊಡುವುದು ವಾಡಿಕೆ. ಅದರ ಒಂಬತ್ತನೇ ಪ್ರಶ್ನೆ ಸಾವಿನ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ ಇರುವುದರಿಂದ, ‘ಹೌದು’ ಎಂದವರಿಗೆ ಅದೇ ದಿನ ನೆರವು ಸಿಗುವ ಏರ್ಪಾಡು ಮೊದಲೇ ಇರಬೇಕು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಹಾಳೆಯ ಕೆಳಗೆ ಅಚ್ಚು ಹಾಕುವುದು ಕನಿಷ್ಠ.

ಆಕ್ಷೇಪಗಳು

ಡೆನ್ಮಾರ್ಕಿನ ಟೇಜ್ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು 2005ರಲ್ಲಿ ಎತ್ತಿದ ಆಕ್ಷೇಪ ಬುಡಕ್ಕೇ ಕೈಹಾಕುತ್ತದೆ. ಬರ್ನ್‌ಔಟ್ ಎಂದರೇನು? ಎಂಬಿಐ ಅಳೆಯುವುದು. ಎಂಬಿಐ ಏನನ್ನು ಅಳೆಯುತ್ತದೆ? ಬರ್ನ್‌ಔಟನ್ನು. ಈ ಸುತ್ತಿನಿಂದ ಹೊರಬರುವುದು ಹೇಗೆ ಎಂದು ಅವರು ಕೇಳಿದರು. ಕೆಲವು ಹೇಳಿಕೆಗಳನ್ನು ಕಂಡು ಡೆನ್ಮಾರ್ಕಿನ ಉದ್ಯೋಗಿಗಳು ಸಿಟ್ಟಾದದ್ದನ್ನೂ ದಾಖಲಿಸಿದರು. ಅವರು ರೂಪಿಸಿದ ಕೋಪನ್‌ಹೇಗನ್ ಬರ್ನ್‌ಔಟ್ ಇನ್ವೆಂಟರಿಯಲ್ಲಿ 19 ಪ್ರಶ್ನೆಗಳು, ಎಲ್ಲವೂ ದಣಿವಿನ ಸುತ್ತಲೇ: ವೈಯಕ್ತಿಕ 6, ಕೆಲಸದ್ದು 7, ಸೇವೆ ಪಡೆಯುವವರಿಂದ ಬರುವುದು 6. ಅದು ಉಚಿತ. ಇದಕ್ಕೆ ಎದುರು ವಾದವೂ ಬಲವಾದದ್ದೇ: ದಣಿವೊಂದನ್ನೇ ಉಳಿಸಿಕೊಂಡರೆ ಮನುಷ್ಯರನ್ನು ಕೇಸುಗಳಂತೆ ಕಾಣತೊಡಗುವ ಆ ಬದಲಾವಣೆ ಕೈತಪ್ಪಿ ಹೋಗುತ್ತದೆ, ರೋಗಿಗೆ ತಟ್ಟುವುದು ಅದೇ ತಾನೆ. ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್ ಸಂಶೋಧಕರ 23 ಪ್ರಶ್ನೆಗಳ ಬರ್ನ್‌ಔಟ್ ಅಸೆಸ್‌ಮೆಂಟ್ ಟೂಲ್ ನಡುದಾರಿ ಹಿಡಿದಿದೆ. ಸಾರ್ಥಕ ಭಾವವನ್ನು ಬಿಟ್ಟು, ಗಮನ ಚದುರುವುದನ್ನೂ ಭಾವನೆ ಹತೋಟಿ ತಪ್ಪುವುದನ್ನೂ ಸೇರಿಸಿಕೊಂಡಿದೆ.

ಇನ್ನೂ ಕಠಿಣವಾದ ಪ್ರಶ್ನೆ ರೆಂಜೊ ಬಿಯಾಂಕಿ ಮತ್ತು ಇರ್ವಿನ್ ಶೋನ್‌ಫೆಲ್ಡ್ ಅವರದು: ಇದು ಬೇರೆ ಹೆಸರಿನ ಖಿನ್ನತೆ ಅಲ್ಲವೇ? 2021ರಲ್ಲಿ 14 ಮಾದರಿಗಳ ವಿಶ್ಲೇಷಣೆಯಲ್ಲಿ ಬಳಲಿಕೆ ತನ್ನದೇ ಜೊತೆಗಾರರಾದ ಉಳಿದೆರಡು ಆಯಾಮಗಳಿಗಿಂತ ಖಿನ್ನತೆಗೇ ಹೆಚ್ಚು ಹತ್ತಿರವಿರುವುದನ್ನು ಅವರು ತೋರಿಸಿದರು. ಮೂರೂ ಒಂದೇ ಗೂಡಿನ ಹಕ್ಕಿಗಳೆಂಬ ನಂಬಿಕೆಗೆ ಇದು ನೇರ ಪೆಟ್ಟು. ಎರಡೂ ಬೇರೆ ಎನ್ನುವವರು, ಖಿನ್ನತೆ ಬದುಕನ್ನೆಲ್ಲ ಆವರಿಸುತ್ತದೆ, ಬರ್ನ್‌ಔಟ್ ಕೆಲಸಕ್ಕೆ ಕಟ್ಟಿಕೊಂಡಿದೆ ಎನ್ನುತ್ತಾರೆ. ಈ ಚರ್ಚೆ ಮುಗಿದಿಲ್ಲ. ಮುಗಿಯುವವರೆಗೆ, ಬಳಲಿಕೆಯ ಅಂಕ ತುಂಬ ಹೆಚ್ಚಿರುವವರಿಗೆ ಖಿನ್ನತೆಯ ತಪಾಸಣೆ ಮಾಡದೆ ರಜೆ ತೆಗೆದುಕೊಳ್ಳಿ ಎಂದಷ್ಟೇ ಹೇಳಿ ಕಳುಹಿಸುವುದು ಅಪಾಯ.

ಅಂಕ ಯಾರ ಕೈಗೆ ಹೋಗುತ್ತದೆ

ಪ್ರಶ್ನಾವಳಿ ಕೇಳುವುದು ವ್ಯಕ್ತಿಯನ್ನು, ಆದ್ದರಿಂದ ಪರಿಹಾರವೂ ವ್ಯಕ್ತಿಯ ಕಡೆಗೇ ವಾಲುತ್ತದೆ: ಧ್ಯಾನ, ಯೋಗ, ಒತ್ತಡ ನಿರ್ವಹಣೆಯ ಅರ್ಧ ದಿನದ ತರಬೇತಿ. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಎಂಬ ಲೆಕ್ಕವಿದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತ ಆಶಾಗಳು ಕೇಳಿದ್ದು ತಿಂಗಳಿಗೆ 15 ಸಾವಿರ ರೂಪಾಯಿ ನಿಶ್ಚಿತ ಗೌರವಧನ. 22 ಹೇಳಿಕೆಗಳಲ್ಲಿ ಒಂದೂ ಸಂಬಳದ ಬಗ್ಗೆ ಇಲ್ಲ, ಪಾಳಿಯ ಬಗ್ಗೆ ಇಲ್ಲ. ಇದು ಪ್ರಶ್ನಾವಳಿಯ ದೋಷವಲ್ಲ, ಅದು ಪರಿಣಾಮವನ್ನು ಅಳೆಯಲು ಮಾಡಿದ್ದು. ಕಾರಣ ತಿಳಿಯಬೇಕೆಂದರೆ ಕೆಲಸದ ಹೊರೆ, ಪಾವತಿ ತಡವಾದ ದಿನಗಳು, ಒಬ್ಬರ ಪಾಲಿಗೆ ಬಂದ ಮನೆಗಳ ಸಂಖ್ಯೆ, ಇವನ್ನು ಬೇರೆಯಾಗಿ ದಾಖಲಿಸಿ ಪಕ್ಕದಲ್ಲಿ ಇಡಬೇಕು.

ಉತ್ತರ ಯಾರ ಎದುರು ತುಂಬಿಸಿದರು ಎಂಬುದರ ಮೇಲೂ ಅಂಕ ನಿಂತಿದೆ. ಕೈಪಿಡಿಯ ಪ್ರಕಾರ ಹಾಳೆಯ ಮೇಲೆ ಬರ್ನ್‌ಔಟ್ ಎಂಬ ಪದವೇ ಕಾಣಬಾರದು, ಒಬ್ಬೊಬ್ಬರೂ ಖಾಸಗಿಯಾಗಿ ತುಂಬಬೇಕು. ಆದರೆ ಆರೋಗ್ಯ ಕೇಂದ್ರದ ತಿಂಗಳ ಸಭೆಯಲ್ಲಿ, ಪ್ರೋತ್ಸಾಹಧನದ ಪಟ್ಟಿಗೆ ಸಹಿ ಹಾಕುವ ಮೇಲ್ವಿಚಾರಕಿಯೇ ಒಂದೊಂದು ಸಾಲನ್ನೂ ಓದಿ ‘ಕೈ ಎತ್ತಿ’ ಎಂದರೆ ಮರಗಟ್ಟುವಿಕೆಯ ಐದೂ ಹೇಳಿಕೆಗಳಿಗೆ ಬರುವುದು 0. ಆ ಸೊನ್ನೆಗಳು ಆರೋಗ್ಯದ ಗುರುತಲ್ಲ, ಭಯದ್ದು. ಹೊರಗಿನವರು ಹಾಳೆ ಹಂಚಬೇಕು, ಹೆಸರು ಬರೆಸಬಾರದು, ತುಂಬಿದವರೇ ಮಡಚಿ ಲಕೋಟೆಗೆ ಹಾಕಿ ಅಂಟಿಸಬೇಕು. ಫಲಿತಾಂಶವನ್ನು ಹತ್ತಕ್ಕಿಂತ ಕಡಿಮೆ ಜನರಿರುವ ಕೇಂದ್ರದ ಹೆಸರಿನಲ್ಲಿ ಪ್ರಕಟಿಸಬಾರದು, ತಾಲ್ಲೂಕಿನ ಮಟ್ಟದಲ್ಲಿ ಕೂಡಿಸಿ ಕೊಡಬೇಕು. ಮೂರೇ ಜನ ನರ್ಸ್‌ಗಳಿರುವ ಕೇಂದ್ರದಲ್ಲಿ ‘ಒಬ್ಬರಿಗೆ ಹೆಚ್ಚು’ ಎಂದು ಬರೆದರೆ ಆ ಒಬ್ಬರು ಯಾರೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ, ಮುಂದಿನ ವರ್ಷ ಆಕೆ ಬಳಲಿಕೆಯ, ಮರಗಟ್ಟುವಿಕೆಯ ಎಲ್ಲ ಹೇಳಿಕೆಗಳಿಗೂ 0 ಹಾಕುತ್ತಾಳೆ.